ಒಂಬತ್ತರೊಳಗೆ

"ತಲೆ ಕಡೆ ಸ್ವಲ್ಪ ಎತ್ತೋ, ಹೊಸಿಲು ತಾಗ್ತದೆ," ಎಂದು ಭಾವ ಹೇಳುತ್ತಿದ್ದಂತೆ ತಮ್ಮನ ಜೇಬಿನಲ್ಲಿ ಅಕ್ಕನ ಫೋನು ಗುಂಯ್‌ಗುಟ್ಟಿತು. ಅಕ್ಕನ ಶವಪೆಟ್ಟಿಗೆ ಬಾಗಿಲಲ್ಲೇ ನಿಂತಿತು.

"ಏನದು?"

"ಅಕ್ಕನ ಅಲಾರಂ, ಭಾವ. ಎಂಟು ಐವತ್ತು."

ಚಟ ಬಿಡಿಸುವ ಕೇಂದ್ರದ ಕಟ್ಟಳೆ ಅದು. ಹಾಸಿಗೆಗೆ ಕಾದಿರುವವರ ಕಡೆಯಿಂದ ದಿನಾ ಒಂಬತ್ತರೊಳಗೆ ಫೋನು ಹೋಗಬೇಕು. ಒಂದು ದಿನ ತಪ್ಪಿದರೆ ಹೆಸರು ಪಟ್ಟಿಯ ಬುಡಕ್ಕೆ. ಅಕ್ಕ ಒಂದೂವರೆ ವರ್ಷ ತಪ್ಪಿಸಿರಲಿಲ್ಲ. ನಿನ್ನೆ ಎದೆನೋವು ಬರುವ ಮೊದಲೂ ಮಾಡಿದ್ದಳು. ಪಟ್ಟಿಯಲ್ಲಿ ತಮ್ಮ ಈಗ ಮೂರನೆಯವನು.

"ಇವತ್ತೂ ಇವನದೇ ಗೋಳಾ?" ಎಂದಳು ಪಕ್ಕದ ಮನೆಯಾಕೆ. "ಕಾಯ್ದೆ ಬಂತು ಅಂತ ಅವಳು ಬೀದಿಗೆಲ್ಲ ಸಿಹಿ ಹಂಚಿದ್ದಳಲ್ಲ?"

"ಕಾಯ್ದೆ ಬಂದಿದೆ ಕಣಮ್ಮಾ," ಎಂದ ಭಾವ, ಸುಸ್ತಾದ ದನಿಯಲ್ಲಿ. "ಹಾಸಿಗೆ ಬಂದಿಲ್ಲ."

*

ಹೋದ ವರ್ಷ ಶಾಸನ ಸಭೆಯ ಸಮಿತಿ ಅಕ್ಕನಿಗೆ ಮಾತಾಡಲು ಮೂರು ನಿಮಿಷ ಕೊಟ್ಟಿತ್ತು. ಪದ್ಯ ಬಾಯಿಪಾಠ ಮಾಡಿದವಳಂತೆ, ಒಂದೇ ದನಿಯಲ್ಲಿ ಹೇಳಿದ್ದಳು:

"ಸ್ವಾಮೀ, ಆಸ್ಪತ್ರೆಯ ಹರಿದ ಚಾದರ ಹೊಲಿಯೋದು ನನ್ನ ಕೆಲಸ. ದಿನಕ್ಕೆ ನಲವತ್ತು ಹಾಸಿಗೆಗೆ ಹೊಲೀತೀನಿ. ನನ್ನ ತಮ್ಮನಿಗೆ ಒಂದು ಸಿಕ್ಕಿಲ್ಲ. ದಿನಾ ಫೋನ್ ಮಾಡಬೇಕಂತೆ. ಅಷ್ಟು ನೆಟ್ಟಗಿದ್ದಿದ್ರೆ ಅವನಿಗೆ ಹಾಸಿಗೆ ಯಾಕೆ ಬೇಕಿತ್ತು? ನಾನಿರೋ ತನಕ ನಾನು ಮಾಡ್ತೀನಿ. ಆಮೇಲೆ?"

"ಸಮಯ ಆಯ್ತಮ್ಮಾ," ಎಂದಿದ್ದರು ಅಧ್ಯಕ್ಷರು.

ಹಿಂದಿನ ಸಾಲಿನಲ್ಲಿ ತಮ್ಮ ತೂಕಡಿಸುತ್ತಿದ್ದ. ಕೇಳಿದ ದಿನವೇ ಹಾಸಿಗೆ ಕೊಡಬೇಕೆಂಬ ಕಾಯ್ದೆ ಮೊನ್ನೆ ಮೊನ್ನೆ ಪಾಸಾಯಿತು. ಜಾರಿಗೆ ಬರುವುದು ಬರುವ ವರ್ಷ.

*

ಒಂಬತ್ತಕ್ಕೆ ಆರು ನಿಮಿಷವಿತ್ತು. ನಿನ್ನೆಯಿಂದ ತಮ್ಮ ಒಂದು ಹನಿ ಹೆಂಡವನ್ನೂ ಮುಟ್ಟಿರಲಿಲ್ಲ. ಪೆಟ್ಟಿಗೆಯ ಕೆಳಗೆ ಎರಡೂ ಕೈ ಗಡಗಡ ನಡುಗುತ್ತಿದ್ದವು. ಒಂದು ಕೈ ಬಿಟ್ಟರೆ ಅಕ್ಕ ವಾಲುತ್ತಾಳೆ.

"ಬೇರೆಯವರು ಹಿಡೀಲಿ, ನೀನು ಬಿಡು," ಎಂದಳು ಪಕ್ಕದಾಕೆ.

"ಬಿಡಲ್ಲ."

ಭಾವ ಅವನನ್ನೊಮ್ಮೆ ನೋಡಿದ. ಹದಿನೆಂಟು ವರ್ಷ ಅವನನ್ನು ಬೈದೇ ಬಂದಿದ್ದ. ಈಗ ಭಾರವನ್ನು ಬಲಹೆಗಲಿಗೆ ಒತ್ತಿಕೊಂಡು, ಎಡಗೈಯಿಂದ ಅವನ ಜೇಬಿನ ಫೋನು ತೆಗೆದು, ಕೇಂದ್ರದ ನಂಬರು ಒತ್ತಿ ಅವನ ಕಿವಿಗೆ ಹಿಡಿದ.

"ನಮಸ್ಕಾರ ಅಕ್ಕಾ," ಅಂದಿತು ಆ ಕಡೆಯ ಹೆಣ್ಣು ದನಿ, ದಿನದ ಸಲಿಗೆಯಲ್ಲಿ. "ತಮ್ಮ ಹೇಗಿದ್ದಾನೆ ಇವತ್ತು?"

ಹೊರಗೆ ಕಾದಿದ್ದ ಶವದ ವ್ಯಾನಿನ ಬಾಗಿಲು ತೆರೆದೇ ಇತ್ತು. ಪೆಟ್ಟಿಗೆ ಹೊತ್ತ ನಾಲ್ವರೂ ಹೊಸಿಲ ಮೇಲೆ ಕದಲದೆ ನಿಂತರು. ಭಾವ ಫೋನನ್ನು ತಮ್ಮನ ಕಿವಿಗೆ ಇನ್ನಷ್ಟು ಒತ್ತಿ ಹಿಡಿದ.