ನಾಲ್ಕು ಸೆಕೆಂಡು ತಡವಾಗಿ ಆರಿದ ದೀಪ

ಟೆಸ್ಟರಣ್ಣನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಮದುವೆಯ ಕರೆಯೋಲೆಯಲ್ಲಿ ಅಚ್ಚಾದದ್ದು ಬಿಟ್ಟರೆ ಅದು ಮತ್ತೆಲ್ಲೂ ಉಪಯೋಗಕ್ಕೆ ಬಂದಿರಲಿಲ್ಲ. ಅಂಗಿಯ ಜೇಬಿನಲ್ಲಿ ಪೆನ್ನು ಇರಬೇಕಾದ ಕಡೆ ಟೆಸ್ಟರ್ ಸಿಕ್ಕಿಸಿಕೊಂಡು ಓಡಾಡುವ ಮನುಷ್ಯನಿಗೆ ಜನ ಇನ್ನೇನು ಹೆಸರಿಟ್ಟಾರು? ವಾರವಿಡೀ ಮನೆಗಳಿಗೆ ವೈರಿಂಗ್ ಮಾಡುವುದು, ಭಾನುವಾರ ಬಂದರೆ ನಾಟಕದ ತಂಡಕ್ಕೆ ಲೈಟು ಹಾಕುವುದು, ಇಪ್ಪತ್ತಾರು ವರ್ಷದಿಂದ ಇದೇ ಅವನ ಬದುಕು. ಅದಕ್ಕೆಂದು ಅವನೇ ಕೈಯಾರೆ ಮಾಡಿಕೊಂಡ ಒಂದು ಬೋರ್ಡಿತ್ತು. ಬಾಗಿಲಿನ ಅರ್ಧದಷ್ಟು ದೊಡ್ಡ ಮರದ ಹಲಗೆ, ಅದರ ಮೇಲೆ ಹನ್ನೆರಡು ಸ್ವಿಚ್ಚು, ಒಂದೊಂದರ ಕೆಳಗೂ ಬಿಳಿ ಬಣ್ಣದಲ್ಲಿ ಬರೆದ ಅಂಕಿ. ಎತ್ತಬೇಕೆಂದರೆ ಇಬ್ಬರು ಬೇಕು. ಸ್ವಿಚ್ಚು ಒತ್ತಿದರೆ ಟಕ್ ಎನ್ನುತ್ತಿತ್ತು.

ಆ ಟಕ್ ಒಂದು ದಿನ ತಂಡದ ಕಾರ್ಯದರ್ಶಿಯ ಕಿವಿಗೆ ಬಿತ್ತು. ಇಪ್ಪತ್ತೈದು ವರ್ಷ ಬೀಳದೆ ಇದ್ದದ್ದು ಇಪ್ಪತ್ತಾರನೆಯ ವರ್ಷ ಬಿತ್ತು, ಏಕೆಂದರೆ ಅವನು ಕಾರ್ಯದರ್ಶಿಯಾದದ್ದೇ ಆ ವರ್ಷ. ವಿಮಾ ಕಚೇರಿಯಲ್ಲಿ ಗುಮಾಸ್ತ. ಸಾಲದ್ದಕ್ಕೆ ಟೆಸ್ಟರಣ್ಣನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಷಡ್ಡಕರ ನಡುವೆ ಪ್ರೀತಿ ಇರಬಾರದೆಂದು ಕಾನೂನೇನೂ ಇಲ್ಲ, ಆದರೂ ಇವರಿಬ್ಬರು ಕಾನೂನಿಗೆ ಹೆದರಿದವರಂತೆ ನಡೆದುಕೊಳ್ಳುತ್ತಿದ್ದರು.

"ಮೂರನೇ ಸಾಲಿನ ತನಕ ಕೇಳ್ಸುತ್ತೆ ಅಣ್ಣ, ನಿಮ್ಮ ಟಕ್ಕು" ಎಂದ ಕಾರ್ಯದರ್ಶಿ. "ಅಲ್ಲಿ ರಾಣಿ ಸಾಯ್ತಾ ಇರ್ತಾಳೆ, ಇಲ್ಲಿ ಟಕ್! ಯಾರೋ ಟ್ರಂಕು ಮುಚ್ಚಿದ ಹಾಗಿರುತ್ತೆ."

ಮುಂದಿನ ವಾರವೇ ಹನ್ನೆರಡು ಸ್ಮಾರ್ಟ್ ಪ್ಲಗ್ಗುಗಳು ಬಂದವು. ಬೆಣ್ಣೆಯಂಥ ಬಿಳಿ ಡಬ್ಬಿಗಳು. ದೀಪದ ವೈರನ್ನು ಅದಕ್ಕೆ ಚುಚ್ಚಿ, ಅದನ್ನು ಕರೆಂಟಿನ ಪಾಯಿಂಟಿಗೆ ಚುಚ್ಚಿ, ತಂಡದ ಫೋನಿನ ಪರದೆ ಮುಟ್ಟಿದರೆ ಸಾಕು, ದೀಪ ಸದ್ದಿಲ್ಲದೆ ಹತ್ತುತ್ತದೆ, ಸದ್ದಿಲ್ಲದೆ ಆರುತ್ತದೆ. ಕಾರ್ಯದರ್ಶಿ ಎಲ್ಲರನ್ನೂ ಸೇರಿಸಿ ತೋರಿಸಿದ. "ಇನ್ಮೇಲೆ ಲೈಟು ಯಾರು ಬೇಕಾದ್ರೂ ಮಾಡ್ಬಹುದು. ಮಗು ಕೈಗೆ ಕೊಟ್ರೂ ಆಗುತ್ತೆ!" ಎಲ್ಲರೂ ಚಪ್ಪಾಳೆ ತಟ್ಟಿದರು. ಟೆಸ್ಟರಣ್ಣನೂ ತಟ್ಟಿದ, ಕೈಗಿಂತ ಹೊಟ್ಟೆ ಹೆಚ್ಚು ಬಿಸಿಯಾಯಿತು. ಹಳೆಯ ಬೋರ್ಡನ್ನು ಗುಜರಿಗೆ ಹಾಕಲು ಹೇಳಿದರು. ಹಾಕಿದೆ ಎಂದ. ಅದು ಅವನ ಮಂಚದ ಕೆಳಗೆ ಹಳೇ ದುಪ್ಪಟಿ ಹೊದ್ದು ಮಲಗಿತ್ತು, ದಿನಾ ಬೆಳಿಗ್ಗೆ ಅವನ ಹೆಂಡತಿ ಅದಕ್ಕೆ ಕಾಲು ತಾಗಿಸಿಕೊಂಡು ಗಂಡನಿಗೆ ಬೈಯುತ್ತಿದ್ದಳು.

ನಿಜ ಹೇಳಬೇಕೆಂದರೆ ಪ್ಲಗ್ಗುಗಳು ಚೆನ್ನಾಗಿಯೇ ಕೆಲಸ ಮಾಡಿದವು. ಮೂರು ತಿಂಗಳ ತಾಲೀಮಿನಲ್ಲಿ ಒಮ್ಮೆಯೂ ಕೈ ಕೊಡಲಿಲ್ಲ. ಟೆಸ್ಟರಣ್ಣನಿಗೆ ಸಹಿಸಲಾಗದೆ ಹೋದದ್ದು ಅದೇ.

ಆ ವರ್ಷದ ನಾಟಕವನ್ನು ಬರೆದು ಆಡಿಸುತ್ತಿದ್ದವರು ತಂಡದ ಮೇಷ್ಟ್ರು. ಅದರಲ್ಲಿ ಒಬ್ಬಳು ಹೆಂಗಸು, ಮನೆ ಬಿಟ್ಟುಹೋದ ಐದು ಜನರಿಗಾಗಿ ದಿನಾ ಐದು ದೀಪ ಹಚ್ಚಿಡುತ್ತಾಳೆ. ಕೊನೆಗೆ ಯಾರೂ ಬರುವುದಿಲ್ಲವೆಂದು ಒಪ್ಪಿಕೊಂಡು ಒಂದೊಂದನ್ನೇ ಊದಿ ಆರಿಸುತ್ತಾಳೆ. ಐದನೆಯದು ಆರಿದಾಗ ರಂಗವೆಲ್ಲ ಕತ್ತಲು, ಅಲ್ಲಿಗೆ ನಾಟಕ ಮುಗಿಯಿತು. ಸಭಾಂಗಣದೊಳಗೆ ಬೆಂಕಿ ಹಚ್ಚುವಂತಿಲ್ಲವಾದ್ದರಿಂದ ಗಾಜಿನ ಚಿಮಣಿಯೊಳಗೆ ಬಲ್ಬು ಇಟ್ಟಿದ್ದರು. ಅವಳು ಊದುವುದು, ಪಕ್ಕದ ಪರದೆಯ ಮರೆಯಿಂದ ಟೆಸ್ಟರಣ್ಣ ಆರಿಸುವುದು.

ಆ ಪಾತ್ರ ಸಿಕ್ಕಿದ್ದು ಅವನ ಮಗಳಿಗೆ. ಹಗಲು ಲ್ಯಾಬೊಂದರಲ್ಲಿ ಜನರ ರಕ್ತ ತೆಗೆಯುವ ಕೆಲಸ ಅವಳದು. ತಂಡ ಸೇರಿ ಎಂಟು ವರ್ಷ, ಎಂಟೂ ವರ್ಷ ತಟ್ಟೆ ಹಿಡಿದುಕೊಂಡು ಬರುವ ಪಾತ್ರ. ಅಷ್ಟು ಕಾಲದಲ್ಲಿ ಅವಳು ರಂಗದ ಮೇಲೆ ಆಡಿದ ಮಾತೆಂದರೆ "ಅಮ್ಮಾವ್ರೇ, ಯಾರೋ ಬಂದಿದಾರೆ" ಎಂಬುದೊಂದೇ. ಈಗ ಒಮ್ಮೆಲೇ ಇಡೀ ನಾಟಕ ಅವಳ ಹೆಗಲ ಮೇಲೆ ಬಂದಿತ್ತು. ಭಾನುವಾರ ಎರಡು ಆಟ, ಬೆಳಿಗ್ಗೆ ಹನ್ನೊಂದಕ್ಕೊಂದು, ಸಂಜೆ ಆರಕ್ಕೊಂದು. ಸಂಜೆಯದಕ್ಕೆ ಅವಳ ಲ್ಯಾಬಿನವರೆಲ್ಲ ಬರುವವರಿದ್ದರು.

ಶುಕ್ರವಾರ ಕಡೆಯ ತಾಲೀಮು ಮುಗಿದು ಎಲ್ಲರೂ ಹೊರಡುತ್ತಿದ್ದರು. ಟೆಸ್ಟರಣ್ಣ ವೈರು ಸುತ್ತುತ್ತಿದ್ದ, ಮಗಳು ಬಟ್ಟೆ ಮಡಚುತ್ತಿದ್ದಳು. ತಂಡದ ಫೋನು ಟಿಂಗ್ ಎಂದಿತು. ಪರದೆಯ ಮೇಲೆ ಬಹಳ ವಿನಯದ ಒಂದು ಸಾಲು: ಹೊಸ ಆವೃತ್ತಿ ಸಿದ್ಧವಾಗಿದೆ, ನಿಮ್ಮ ಅನುಭವವನ್ನು ಇನ್ನಷ್ಟು ಉತ್ತಮಗೊಳಿಸೋಣವೇ? ಅದರ ಕೆಳಗೆ ಎರಡು ಗುಂಡಿ, 'ಈಗಲೇ' ಮತ್ತು 'ಆಮೇಲೆ'. ಆಟ ಮುಗಿಯುವ ತನಕ ಅದು ಏನು ಕೇಳಿದರೂ 'ಆಮೇಲೆ' ಒತ್ತಬೇಕೆಂದು ಕಾರ್ಯದರ್ಶಿ ಸಾರಿ ಸಾರಿ ಹೇಳಿದ್ದ. ಸರಿಯಾಗಿ ನಡೆಯುತ್ತಿರುವುದನ್ನು ಮುಟ್ಟಬಾರದೆಂದು ಟೆಸ್ಟರಣ್ಣನಿಗೂ ಗೊತ್ತಿತ್ತು, ಇಷ್ಟು ವರ್ಷ ವೈರಿಂಗ್ ಮಾಡಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಗೊತ್ತಿದ್ದದ್ದರಿಂದಲೇ 'ಈಗಲೇ' ಒತ್ತಿದ. ಏನಾಗುತ್ತದೆಂದು ಮಾತ್ರ ಗೊತ್ತಿರಲಿಲ್ಲ. ಏನೋ ಒಂದು ಆದರೆ ಸಾಕಿತ್ತು.

"ಏನಪ್ಪಾ ಅದು, ಟಿಂಗ್ ಅಂದಿದ್ದು?" ಮಗಳು ಕೇಳಿದಳು.

"ಯಾವ್ದೋ ಜಾಹೀರಾತು."

ಶನಿವಾರ ಮೇಷ್ಟ್ರು ಎಲ್ಲರಿಗೂ ರಜೆ ಕೊಟ್ಟಿದ್ದರು, ಹಾಗಾಗಿ ಅನುಭವ ಎಷ್ಟು ಉತ್ತಮವಾಗಿದೆಯೆಂದು ಭಾನುವಾರದ ತನಕ ಯಾರಿಗೂ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಪರದೆ ಸರಿಯಿತು. ಮಗಳು ಕಡ್ಡಿ ಗೀರಿದಂತೆ ಮಾಡಿ ಮೊದಲನೆಯ ದೀಪಕ್ಕೆ ಹಿಡಿದಳು. ಟೆಸ್ಟರಣ್ಣ ಫೋನಿನ ಪರದೆ ಮುಟ್ಟಿದ. ದೀಪ ಹತ್ತಲಿಲ್ಲ. ಒಂದು, ಎರಡು, ಮೂರು, ನಾಲ್ಕು ಎಣಿಸುವಷ್ಟು ಹೊತ್ತು ದೀಪ ಯೋಚನೆ ಮಾಡಿ ಆಮೇಲೆ ಹತ್ತಿತು. ಎರಡನೆಯದೂ ಹಾಗೇ. ಟೆಸ್ಟರಣ್ಣ ಪರದೆಯ ಸಂದಿಯಿಂದ ಮುಂದಿನ ಸಾಲು ನೋಡಿದ. ಕಾರ್ಯದರ್ಶಿ ಕರವಸ್ತ್ರ ತೆಗೆದು ಕತ್ತು ಒರೆಸಿಕೊಳ್ಳುತ್ತಿದ್ದ. ಟೆಸ್ಟರಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಫೋನನ್ನು ತೊಡೆಯ ಮೇಲಿಟ್ಟುಕೊಂಡು, ನಡುವೆ ಬಿಡುವಾದಾಗಲೆಲ್ಲ ಕೈಕಟ್ಟಿಕೊಂಡು, ಷಡ್ಡಕನ ಕತ್ತನ್ನೇ ನೋಡುತ್ತ ಕುಳಿತ. ಮುಕ್ಕಾಲು ಗಂಟೆ ಅವನು ನಾಟಕ ನೋಡಲೇ ಇಲ್ಲ.

ಕೊನೆಯ ದೃಶ್ಯ ಬಂತು. ಮಗಳು ಮೊದಲನೆಯ ದೀಪ ಊದಿದಳು. ದೀಪ ಉರಿಯುತ್ತಲೇ ಇತ್ತು. ತಡೆದು ನೋಡಿದಳು, ಏನು ಮಾಡುವುದು, ಎರಡನೆಯದಕ್ಕೆ ನಡೆದಳು. ಅವಳು ಬೆನ್ನು ತಿರುಗಿಸಿದ ಮೇಲೆ ಮೊದಲನೆಯದು ಆರಿತು. ಯಾರೋ ಕಿಸಕ್ಕೆಂದರು. ಎರಡನೆಯದನ್ನು ಊದಿ ಮೂರನೆಯದಕ್ಕೆ ಹೋದಳು, ಹಿಂದಿನಿಂದ ಎರಡನೆಯದು ಆರಿತು. ನಾಲ್ಕನೆಯದರ ಹೊತ್ತಿಗೆ ಸಭಾಂಗಣದ ತುಂಬ ನಗು. "ಇನ್ನೊಂದ್ಸಲ ಊದಮ್ಮಾ, ಹೆದರ್ಕೋಬೇಡ!" ಎಂದು ಹಿಂದಿನ ಸಾಲಿನಿಂದ ಒಬ್ಬ ಕೂಗಿದ. ಟೆಸ್ಟರಣ್ಣ ಫೋನನ್ನು ಒತ್ತಿದ, ಮತ್ತೆ ಮತ್ತೆ ಒತ್ತಿದ. ಅಷ್ಟೂ ಆಜ್ಞೆಗಳು ಸಾಲಾಗಿ ಬಂದು ಐದನೆಯ ದೀಪ ಆರಿತು, ಹತ್ತಿತು, ಮತ್ತೆ ಆರಿತು. ಷಡ್ಡಕನ ಪ್ಲಗ್ಗು ಕೆಡಲೆಂದು ಬಯಸಿದ್ದ ಮಹಾನುಭಾವನಿಗೆ, ಆ ಪ್ಲಗ್ಗಿನ ಇನ್ನೊಂದು ತುದಿಯಲ್ಲಿ ನಿಂತಿದ್ದವಳು ತನ್ನ ಮಗಳು ಎಂಬುದು ಆಗ ಹೊಳೆಯಿತು.

ಬಣ್ಣದ ಕೋಣೆಯಲ್ಲಿ ಅವಳು ಕನ್ನಡಿಗೆ ಮುಖ ಮಾಡಿ ಕೂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಟೆಸ್ಟರಣ್ಣನಿಗೆ ಸುಲಭವಾಗುತ್ತಿತ್ತು. ಕಾರ್ಯದರ್ಶಿ ಕಂಪನಿಯ ಸಹಾಯವಾಣಿಗೆ ಫೋನು ಮಾಡಿ ಎಲ್ಲರಿಗೂ ಕೇಳುವಂತೆ ಇಟ್ಟಿದ್ದ. ಆ ಕಡೆಯಿಂದ ಒಬ್ಬಳು ಹುಡುಗಿ, ಜೇನು ಸುರಿಯುವ ದನಿ.

"ಮುಂಚೆ ನಿಮ್ಮ ಫೋನು ಅಲ್ಲೇ ಇರೋ ಪ್ಲಗ್ ಜೊತೆ ನೇರವಾಗಿ ಮಾತಾಡ್ತಿತ್ತು ಸರ್. ಹೊಸ ಆವೃತ್ತೀಲಿ ಆ ವ್ಯವಸ್ಥೆ ತೆಗೆದಿದೀವಿ. ಈಗ ನೀವು ಒತ್ತಿದ್ದು ಮೊದಲು ನಮ್ಮ ಸರ್ವರ್‌ಗೆ ಬಂದು, ಅಲ್ಲಿಂದ ನಿಮ್ಮ ಪ್ಲಗ್‌ಗೆ ಬರುತ್ತೆ. ನಿಮ್ಮ ಸುರಕ್ಷತೆಗೋಸ್ಕರ ಸರ್."

"ಅಲ್ಲಮ್ಮಾ, ಹತ್ತಡಿ ದೂರದ ದೀಪ ಆರ್ಸೋಕೆ ಏಳು ಸಮುದ್ರ ದಾಟಿ ಅಪ್ಪಣೆ ತರಬೇಕಾ?" ಎಂದರು ಮೇಷ್ಟ್ರು.

"ನಾಲ್ಕೇ ಸೆಕೆಂಡು ಸರ್."

"ಹಳೇದಕ್ಕೇ ವಾಪಸ್ ಹೋಗೋ ಹಾಗಿಲ್ವಾ?" ಕಾರ್ಯದರ್ಶಿ ಅಂಗಲಾಚಿದ.

"ಆ ಸೌಲಭ್ಯ ಇಲ್ಲ ಸರ್. ನೀವೇ ಒಪ್ಪಿಗೆ ಕೊಟ್ಟಿದೀರ. ಶುಕ್ರವಾರ ರಾತ್ರಿ ಎಂಟು ಹದಿನೆಂಟಕ್ಕೆ 'ಈಗಲೇ' ಅಂತ ಒತ್ತಿದೀರ. ಇನ್ನೇನಾದ್ರೂ ಸಹಾಯ ಬೇಕಿತ್ತಾ ಸರ್?"

ಎಲ್ಲರೂ ಕಾರ್ಯದರ್ಶಿಯ ಕಡೆ ತಿರುಗಿದರು. ಫೋನು ಅವನು ತಂದದ್ದು, ಪ್ಲಗ್ಗು ಅವನು ತಂದದ್ದು, ಒತ್ತಿದವನು ಇನ್ಯಾರು? ಅವನ ಮುಖ ಸಣ್ಣದಾಯಿತು. "ನಾನೇ... ಕೈ ತಪ್ಪಿ ಒತ್ತಿರ್ಬಹುದೇನೋ. ನೆನಪಿಲ್ಲ" ಎಂದ. ಟೆಸ್ಟರಣ್ಣ ಜೇಬಿನಿಂದ ಟೆಸ್ಟರ್ ತೆಗೆದು ಅದರ ತುದಿಯನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸತೊಡಗಿದ. ತಲೆ ಎತ್ತಿದಾಗ ಮಗಳು ಕನ್ನಡಿಯೊಳಗಿಂದ ಅವನನ್ನೇ ನೋಡುತ್ತಿದ್ದಳು.

ನಾಲ್ಕು ಸೆಕೆಂಡು ಮುಂಚೆಯೇ ಒತ್ತಿದರಾಯಿತು ಎಂದು ಮೇಷ್ಟ್ರು ಉಪಾಯ ಹೇಳಿದರು. ಮಾಡಿ ನೋಡಿದರು. ಒಮ್ಮೆ ಮೂರು ಸೆಕೆಂಡಾಯಿತು, ಒಮ್ಮೆ ಏಳಾಯಿತು. ಇನ್ನೊಮ್ಮೆ ಅವಳು ದೀಪದ ಹತ್ತಿರ ಬರುವ ಮೊದಲೇ ಅದು ಗಾಬರಿಬಿದ್ದಂತೆ ಆರಿಹೋಯಿತು. ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. "ದೀಪದ ದೃಶ್ಯ ಕಿತ್ತುಹಾಕೋಣ. ಅದಕ್ಕೆ ಮುಂಚೇನೇ ಪರದೆ ಎಳೆದುಬಿಡಿ."

"ಆ ದೃಶ್ಯ ಇಲ್ಲ ಅಂದ್ರೆ ನಾನು ಬರೋದ್ಯಾಕೆ ಮೇಷ್ಟ್ರೇ?" ಎಂದಳು ಮಗಳು. "ತಟ್ಟೆ ಕೊಡಿ, ಅದನ್ನೇ ಹಿಡ್ಕೊಂಡು ಬರ್ತೀನಿ."

ಟೆಸ್ಟರಣ್ಣ ಟೆಸ್ಟರನ್ನು ಜೇಬಿಗೆ ಸಿಕ್ಕಿಸಿದ. "ಬೋರ್ಡಿದೆ" ಎಂದ. "ನಮ್ಮನೇಲಿದೆ. ಗುಜರಿಗೆ ಹಾಕಿಲ್ಲ."

ಯಾರೂ ಬೈಯಲಿಲ್ಲ. ಆಟೋದ ಹಿಂದಿನ ಸೀಟಿನಲ್ಲಿ ಬೋರ್ಡನ್ನು ಅಡ್ಡ ಮಲಗಿಸಿ, ಇಬ್ಬರು ಷಡ್ಡಕರೂ ಅದರ ಆಚೆಗೊಬ್ಬ ಈಚೆಗೊಬ್ಬ ಅಂಟಿಕೊಂಡು ಕುಳಿತು ತಂದರು. ಹಳೆಯ ವೈರುಗಳು ಸಭಾಂಗಣದ ಅಟ್ಟದ ಮೇಲೆ ಸುತ್ತಿಟ್ಟಂತೆಯೇ ಇದ್ದವು. ಇಲಿ ಕಡಿದ ಎರಡು ಕಡೆ ಟೇಪು ಸುತ್ತಿದ, ರಂಗದ ಅಂಚಿನಗುಂಟ ವೈರು ಎಳೆದು ಮೊಳೆ ಹೊಡೆದ, ಬಿಳಿ ಡಬ್ಬಿಗಳನ್ನು ಒಂದೊಂದಾಗಿ ಕಿತ್ತು ದೀಪಗಳನ್ನು ಬೋರ್ಡಿಗೆ ಸೇರಿಸಿದ. ಕಾರ್ಯದರ್ಶಿ ಮಂಡಿಯೂರಿ ಕೂತು, ಕೇಳಿದಾಗಲೆಲ್ಲ ಟೇಪು ಹರಿದು ಹರಿದು ಕೊಟ್ಟ. "ಕ್ಷಮಿಸಿ ಅಣ್ಣ" ಎಂದು ಮೂರು ಸಲ ಹೇಳಿದ. ಮೂರು ಸಲವೂ ಟೆಸ್ಟರಣ್ಣ "ಹ್ಞೂಂ" ಎಂದ. ಷಡ್ಡಕನ ಮುಖ ನೋಡದೆ ಮುಂದಿನ ವೈರು ಸೇರಿಸಿದ.

ಸಂಜೆ ಸಭಾಂಗಣ ತುಂಬಿತ್ತು. ಕೊನೆಯ ದೃಶ್ಯ ಬಂದಾಗ ಟೆಸ್ಟರಣ್ಣ ಮಗಳ ಹೆಗಲ ಮೇಲಿಂದ ಕಣ್ಣು ಕೀಳಲಿಲ್ಲ. ಉಸಿರು ತೆಗೆದುಕೊಳ್ಳುವಾಗ ಅವಳ ಎಡ ಹೆಗಲು ಸ್ವಲ್ಪ ಮೇಲೇಳುತ್ತದೆ. ಮಗುವಾಗಿದ್ದಾಗ ಬಿಸಿ ಹಾಲು ಊದುವಾಗಲೂ ಹಾಗೇ. ಹೆಗಲು ಎದ್ದಿತು, ಊದಿದಳು, ಟಕ್, ದೀಪ ಆರಿತು. ಯಾರೂ ನಗಲಿಲ್ಲ. ಎರಡು, ಮೂರು, ನಾಲ್ಕು. ಮೂರನೇ ಸಾಲಿಗೆ ಟಕ್ ಕೇಳಿಸಿಯೇ ಇರಬೇಕು, ಆದರೆ ಟ್ರಂಕು ಮುಚ್ಚಿದಂತೆ ಯಾರಿಗೂ ಅನ್ನಿಸಿದ ಹಾಗಿರಲಿಲ್ಲ.

ಐದನೆಯ ದೀಪದ ಮುಂದೆ ಅವಳು ನಿಂತಳು. ಊದಲಿಲ್ಲ. ತಾಲೀಮಿನಲ್ಲಿ ಇಲ್ಲದ್ದು. ಮೆಲ್ಲಗೆ ತಲೆ ತಿರುಗಿಸಿ ಪರದೆಯ ಮರೆಯಲ್ಲಿ ಕೂತ ಅಪ್ಪನನ್ನು ನೋಡಿದಳು. ಜನರಿಗೆ ಅದು, ಮನೆ ಬಿಟ್ಟುಹೋದ ಯಾರನ್ನೋ ನೋಡುತ್ತಿರುವಂತೆ ಕಂಡಿತು; ಎಲ್ಲೋ ಒಬ್ಬಳು ಹೆಂಗಸು ಮೂಗು ಸೇದಿದಳು. ಟೆಸ್ಟರಣ್ಣನಿಗೆ ಮಾತ್ರ ಶುಕ್ರವಾರದ ಟಿಂಗ್ ಕೇಳಿಸಿತು. ಅವನು ಕಣ್ಣು ಕೆಳಗೆ ಹಾಕಲು ನೋಡಿದ. ಆದರೆ ಹಾಕಿದರೆ ಹೆಗಲು ಕಾಣುವುದಿಲ್ಲ. ನೋಡಲೇಬೇಕಾಯಿತು. ಹೆಗಲು ಎದ್ದಿತು. ಟಕ್. ಕತ್ತಲು. ಆಮೇಲೆ ಎಷ್ಟೋ ಹೊತ್ತು ಚಪ್ಪಾಳೆ ನಿಲ್ಲಲಿಲ್ಲ.

ಆಟ ಮುಗಿದ ಮೇಲೆ ತಂಡವೆಲ್ಲ ರಂಗದ ಮೇಲೆ ಸೇರಿತು. ಕಾರ್ಯದರ್ಶಿ ಕಣ್ಣೊರೆಸಿಕೊಳ್ಳುತ್ತ ಮಾತಿಗೆ ನಿಂತ. "ತಪ್ಪು ನಂದು. ನಾನೇ ಎಲ್ಲೋ ಕೈ ತಪ್ಪಿ ಒತ್ತಿದೀನಿ. ಅಣ್ಣ ಇಲ್ದಿದ್ರೆ ಇವತ್ತು ತಂಡದ ಮಾನ ಹೋಗ್ತಿತ್ತು."

"ಒತ್ತಿದ್ದು ನಾನು" ಎಂದ ಟೆಸ್ಟರಣ್ಣ.

ಕಾರ್ಯದರ್ಶಿಯ ಕಡೆ ತಿರುಗಿ ಮುಂದುವರಿಸಿದ.

"ಶುಕ್ರವಾರ ಬೇಕೂ ಅಂತಾನೇ ಒತ್ತಿದೆ. ನಿನ್ನ ಪ್ಲಗ್ಗು ಕೆಟ್ಟುಹೋಗ್ಲಿ ಅಂತ. ಹೊಟ್ಟೆಕಿಚ್ಚಿಗೆ."

ಮೇಷ್ಟ್ರು ಕನ್ನಡಕ ತೆಗೆದರು. "ನೋಡ್ರಪ್ಪಾ, ದೊಡ್ಡ ಮನಸ್ಸು ಅಂದ್ರೆ ಇದು! ಷಡ್ಡಕನ ಮರ್ಯಾದೆ ಉಳ್ಸೋಕೆ ತಪ್ಪನ್ನ ತನ್ನ ತಲೆ ಮೇಲೆ ಎಳ್ಕೊಳ್ತಾ ಇದಾನೆ."

"ಅಯ್ಯೋ, ಇಲ್ಲ ಮೇಷ್ಟ್ರೇ, ನಿಜವಾಗ್ಲೂ ನಾನೇ..."

"ಸಾಕು ಅಣ್ಣ, ನನ್ನನ್ನ ಇನ್ನೂ ಚಿಕ್ಕವನಾಗಿ ಮಾಡ್ಬೇಡಿ" ಎಂದು ಕಾರ್ಯದರ್ಶಿ ಓಡಿಬಂದು ತಬ್ಬಿಕೊಂಡ. ಟೆಸ್ಟರಣ್ಣ ಆಣೆ ಮಾಡಿದ. ಆಣೆ ಮಾಡಿದಷ್ಟೂ ಅವನು ಎಲ್ಲರ ಕಣ್ಣಲ್ಲಿ ಇನ್ನಷ್ಟು ಎತ್ತರಕ್ಕೆ ಬೆಳೆದ. ಮುಂದಿನ ವರ್ಷದ ಕಾರ್ಯಕ್ರಮದಲ್ಲಿ ಸನ್ಮಾನ ಮಾಡುವುದೆಂದು ಅಲ್ಲೇ ತೀರ್ಮಾನವಾಯಿತು.

ಜನ ಚದುರಿದ ಮೇಲೆ ಬೋರ್ಡು ಎತ್ತುವ ಕೆಲಸ ಉಳಿಯಿತು. ಮಗಳು ಮುಖದ ಬಣ್ಣ ಒರೆಸಿಕೊಂಡು ಬಂದು ಅದರ ಇನ್ನೊಂದು ತುದಿ ಹಿಡಿದಳು.

"ನಾನು ನಂಬ್ತೀನಿ ಅಪ್ಪಾ" ಎಂದಳು.

ಅಷ್ಟು ಜನರಲ್ಲಿ ಅವನ ಮಾತನ್ನು ನಂಬಿದವಳು ಅವಳೊಬ್ಬಳೇ. ಬೇರೆ ಯಾರು ನಂಬಿದ್ದರೂ ಇಷ್ಟು ನೋಯುತ್ತಿರಲಿಲ್ಲ. ತಪ್ಪಾಯ್ತು ಎನ್ನಲು ಬಾಯಿ ತೆರೆದ, ದನಿ ಹೊರಡಲಿಲ್ಲ. 'ಈಗಲೇ' ಒತ್ತಿ ನಾಲ್ಕು ಸೆಕೆಂಡಲ್ಲ, ಎರಡು ದಿನವಾಗಿತ್ತು, ಆ ಮಾತು ಇನ್ನೂ ಬಂದು ತಲುಪಿರಲಿಲ್ಲ. ಮಗಳು ಕಾದಳು, ಆಮೇಲೆ ಬೋರ್ಡನ್ನು ತನ್ನ ಕಡೆಯಿಂದ ಎತ್ತಿದಳು.

"ಹಿಡ್ಕೋ, ಭಾರ ಇದೆ. ಮನೆಗೆ ಹೋಗಿ ಅಮ್ಮಂಗೂ ಹೇಳು. ಅವಳೂ ನಂಬ್ತಾಳೆ."