ನಲವತ್ತೆರಡು ಹಾಡುಗಳ ಡಿಸ್ಕು

ಬೆಳಿಗ್ಗೆ ಎಂಟಕ್ಕೆ ಬೆಳುಂಕಿ ಬಿಟ್ಟು ಮಿರಜಿಗೆ ಹೊರಡಬೇಕಿತ್ತು. ಮರುದಿನ ಚನ್ನವ್ವನ ಗಂಟಲಿನ ಆಪರೇಷನ್. ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯದೆ ಬೇರೆ ದಾರಿಯಿಲ್ಲ ಎಂದು ಡಾಕ್ಟರು ಹೇಳಿದ್ದರು.

ಸುತ್ತಲಿನ ಕುರುಬರ ಮನೆಗಳಲ್ಲಿ ಮದುವೆಯಿರಲಿ, ತೊಟ್ಟಿಲಿರಲಿ, ಹಾಡಲು ಚನ್ನವ್ವನೇ ಬೇಕು. ಕಾಯಿಲೆ ಗೊತ್ತಾದ ದಿನದಿಂದ ಸೊಸೆ ಪ್ರಾಜಕ್ತಾ ಅವಳನ್ನು ಎದುರಿಗೆ ಕೂರಿಸಿಕೊಂಡು ಫೋನಿನಲ್ಲಿ ಒಂದೊಂದೇ ಹಾಡನ್ನು ವಿಡಿಯೊ ಮಾಡಿಕೊಂಡಿದ್ದಳು. ಎರಡು ತಿಂಗಳಲ್ಲಿ ನಲವತ್ತೆರಡು. ಫೋನು ತುಂಬಿದಾಗಲೆಲ್ಲ ಅವನ್ನು ಒಂದು ಹಾರ್ಡ್ ಡಿಸ್ಕಿಗೆ ಸಾಗಿಸುತ್ತಿದ್ದಳು. ಹಿಂದಿನ ಸಂಜೆ ಚನ್ನವ್ವ ಕುರಿಹಿಂಡು ಹುಟ್ಟಿದ ಕಥೆಯನ್ನು ಮುಕ್ಕಾಲು ಗಂಟೆ ಬಿಡದೆ ಹಾಡಿದ್ದಳು. ಅದು ನಲವತ್ಮೂರನೆಯದು, ಕೊನೆಯದು.

ಬೆಳಿಗ್ಗೆ ಏಳಕ್ಕೆ ಪ್ರಾಜಕ್ತಾ ಅದನ್ನು ಫೋನಿನಿಂದ ತೆಗೆದು ಲ್ಯಾಪ್‌ಟಾಪಿಗೆ ಹಾಕಿ, ಅಲ್ಲಿಂದ ಡಿಸ್ಕಿಗೆ ಕಾಪಿ ಮಾಡಲು ಹೋದಳು. ಫೈಲು ತೀರ ದೊಡ್ಡದು, ಹಿಡಿಸುವುದಿಲ್ಲ ಎಂದು ಬಂತು. ಡಿಸ್ಕಿನಲ್ಲಿ ಮುಕ್ಕಾಲು ಭಾಗ ಖಾಲಿಯೇ ಇತ್ತು. ಹುಡುಕಿ ನೋಡಿದಾಗ ತಿಳಿಯಿತು: ಗಂಡ ರಾಮಲಿಂಗ ಹಳೆಯ ಟಿ.ವಿ.ಗೆ ಹಚ್ಚಿ ಸಿನೆಮಾ ನೋಡಲೆಂದು ತಂದಿದ್ದ ಡಿಸ್ಕು ಅದು, ಫ್ಯಾಟ್ ಥರ್ಟಿಟು ಎಂಬ ಹಳೆಯ ಫಾರ್ಮ್ಯಾಟಿನದು. ಅದರಲ್ಲಿ ಒಂದೊಂದು ಫೈಲಿಗೆ ನಾಲ್ಕು ಜಿಬಿಯೇ ಮಿತಿ. ಇದು ಆರು ಜಿಬಿ.

ಲ್ಯಾಪ್‌ಟಾಪ್ ಹೋದ ವಾರ ಎರಡು ಸಲ ತಾನಾಗಿಯೇ ಆರಿಹೋಗಿತ್ತು. ಅದರ ಮೇಲೆ ಭರವಸೆಯಿಟ್ಟು ಊರು ಬಿಡಲು ಅವಳಿಗೆ ಮನಸ್ಸಾಗಲಿಲ್ಲ. ಡಿಸ್ಕಿನ ಫಾರ್ಮ್ಯಾಟನ್ನೇ ಬದಲಿಸಬೇಕು. ಎನ್‌ಟಿಎಫ್‌ಎಸ್ ಮಾಡಿದರೆ ಫೋನು ಓದದೆ ಹೋದೀತು. ಎಕ್ಸ್‌ಫ್ಯಾಟ್ ಮಾಡಿದರೆ ದೊಡ್ಡ ಫೈಲೂ ಹಿಡಿಸುತ್ತದೆ, ಫೋನಿನಲ್ಲೂ ನಡೆಯುತ್ತದೆ. ಆರಿಸಿದ್ದು ಸರಿಯಾಗಿಯೇ ಇತ್ತು. ಫಾರ್ಮ್ಯಾಟ್ ಮಾಡಿದರೆ ಒಳಗಿನದೆಲ್ಲ ಅಳಿಯುತ್ತದೆ ಎಂಬುದೂ ಗೊತ್ತಿತ್ತು. ಆದರೆ ಲ್ಯಾಪ್‌ಟಾಪಿನ ಪರದೆಯ ಮೇಲೆ 'ಅತ್ತಿ ಹಾಡು' ಎಂಬ ಫೋಲ್ಡರು ಕಣ್ಣೆದುರೇ ಇತ್ತಲ್ಲ, ಹಾಡೆಲ್ಲ ಅದರಲ್ಲೂ ಇವೆ ಎಂದುಕೊಂಡಳು.

ಅವಳು ಫಾರ್ಮ್ಯಾಟ್ ಒತ್ತಿದಳು. ನಾಲ್ಕೈದು ಸೆಕೆಂಡಿನಲ್ಲಿ ಮುಗಿಯಿತು. ದೊಡ್ಡ ಫೈಲು ಕಾಪಿಯಾಗತೊಡಗಿತು. ಅದು ಅರ್ಧಕ್ಕೆ ಬಂದಾಗ ಹಳೆಯ ಹಾಡುಗಳನ್ನೂ ಕಳಿಸೋಣವೆಂದು ಆ ಫೋಲ್ಡರನ್ನು ಒತ್ತಿದಳು. ತೆರೆಯಲಿಲ್ಲ. ಅದು ಡಿಸ್ಕಿನೊಳಗಿನ ಫೋಲ್ಡರಿಗೆ ಹೋಗುವ ಶಾರ್ಟ್‌ಕಟ್ಟು, ಬರೀ ದಾರಿ ಮಾತ್ರವಾಗಿತ್ತು. ಹಾಡು ಇದ್ದದ್ದೆಲ್ಲ ಡಿಸ್ಕಿನಲ್ಲೇ.

ಡಿಸ್ಕಿನ ವೈರು ಕಿತ್ತಳು. ಹೊರಗೆ ಗಾಡಿ ಚಾಲೂ ಮಾಡಿ ರಾಮಲಿಂಗ ಕೂಗುತ್ತಿದ್ದ: "ಲಗೂನ ಬಾ, ಹೊತ್ತಾತು!"

ಜತ್ತಿನಲ್ಲಿ ರವಿಕುಮಾರನ ಕಂಪ್ಯೂಟರ್ ಅಂಗಡಿಯ ಮುಂದೆ ಗಾಡಿ ನಿಲ್ಲಿಸಲು ಹೇಳಿದಳು. ಅವನು ಇನ್ನೂ ಬಾಗಿಲು ತೆರೆಯುತ್ತಿದ್ದ. ಎಲ್ಲ ಕೇಳಿಸಿಕೊಂಡು ಹೇಳಿದ:

"ಗಾಬರಿ ಆಗಬ್ಯಾಡ್ರಿ ವೈನಿ. ಫಾರ್ಮ್ಯಾಟ್ ಮಾಡಿದ್ರ ಬರೇ ಪಟ್ಟಿ ಅಳಸ್ತದ, ಹಾಡು ಒಳಗ ಹಂಗ ಇರ್ತಾವ. ಅದರ ಮ್ಯಾಲ ಮತ್ತೇನರ ಹಾಕೀರೇನ್ರಿ?"

"ದೊಡ್ಡ ಫೈಲ್ ಅರ್ಧಾ ಆಗಿತ್ತು."

ರವಿಕುಮಾರ ಅವಳ ಕೈಯಿಂದ ಡಿಸ್ಕು ಇಸಿದುಕೊಂಡ. "ಆ ಅರ್ಧಾ ಎಲ್ಲಿ ಕುಂತದೋ, ಅಲ್ಲಿದ್ದ ಹಾಡು ಹೋದ್ವು ಅಂತ ತಿಳೀರಿ. ಉಳದದ್ದು ನೋಡ್ತೀನಿ. ಮಾತು ಕೊಡಂಗಿಲ್ಲ."

ಗಾಡಿ ಮುಂದೆ ಸಾಗಿತು. ಚನ್ನವ್ವ ಸೊಸೆಯ ಮುಖ ನೋಡಿದಳು. ಹಿಂದಿನ ಸಂಜೆಯ ಹಾಡಿನಿಂದ ಚನ್ನವ್ವನ ದನಿ ಹರಿದ ಬಟ್ಟೆಯಂತಾಗಿತ್ತು. "ಏನಾತ ಯವ್ವಾ? ಅಂಗಡ್ಯಾಗ ಏನಿತ್ತು?"

ಸುಳ್ಳು ಹೇಳೋಣವೆಂದು ಬಾಯಿ ತೆರೆದವಳಿಗೆ ಸುಳ್ಳು ಹೊರಡಲಿಲ್ಲ. "ಹಾಡು ಅಳಿಸಿಬಿಟ್ಟೆರಿ ಅತ್ತಿ. ನನ್ನ ಕೈಯಾರೆ."

"ಎಷ್ಟು?"

"ನಿನ್ನಿದೊಂದು ಉಳದದ."

ಚನ್ನವ್ವ ಮುಖ ತಿರುಗಿಸಿ ಕಿಟಕಿಯಾಚೆ ನೋಡುತ್ತ ಕುಳಿತಳು. ಡಫಳಾಪುರ ಊರು ದಾಟಿದ ಮೇಲೆ ಮಗನ ಹೆಗಲು ತಟ್ಟಿ ಗಾಡಿ ನಿಲ್ಲಿಸೆಂದಳು.

"ಫೋನ್ ತಗಿ," ಎಂದಳು ಸೊಸೆಗೆ. "ಆಗೋವಷ್ಟು ಹಾಡ್ತೀನಿ."

ರಸ್ತೆಯ ಬದಿಯ ಬೇವಿನ ಕೆಳಗೆ ಕುಳಿತು ತೊಟ್ಟಿಲ ಹಾಡು ಎತ್ತಿದಳು. ಎರಡನೆಯ ಸಾಲಿಗೆ ಉಸಿರು ಕೂಡಿಬರಲಿಲ್ಲ. ಮತ್ತೆ ಎತ್ತಿದಳು. ಕೆಮ್ಮು ಬಂತು, ಸೆರಗಿಗೆ ರಕ್ತ ಹತ್ತಿತು. ಮೂರನೆಯ ಸಲ ಬಾಯಿ ತೆರೆದಾಗ ಬರೀ ಗಾಳಿ ಹೊರಬಿತ್ತು.

"ಸಾಕ ಬಿಡವ್ವಾ!" ರಾಮಲಿಂಗ ಕೂಗಿದ. ಪ್ರಾಜಕ್ತಾ ಫೋನು ಬಂದ್ ಮಾಡಿ ಅತ್ತೆಯ ಎರಡೂ ಕೈ ಹಿಡಿದುಕೊಂಡಳು.

"ಬಿಡು ನನ್ನ," ಚನ್ನವ್ವ ಕೈ ಕೊಸರಿದಳು. "ನಾಳಿಗೆ ಎಲ್ಲಿಂದ ತರ್ತಿ? ಯಾರ್ನ ಕೇಳ್ತಿ?"

ಇಬ್ಬರೂ ಅಳುತ್ತಿದ್ದರು. ರಾಮಲಿಂಗ ತಾಯಿಯನ್ನು ಎತ್ತಿ ಗಾಡಿಯಲ್ಲಿ ಕೂರಿಸಿದ. ಮಿರಜಿನ ಆಸ್ಪತ್ರೆಯ ಬಾಗಿಲವರೆಗೆ ಅವಳು ಸೊಸೆಯ ಕಡೆ ನೋಡಲೇ ಇಲ್ಲ.

ಆಪರೇಷನ್ ಸುಸೂತ್ರವಾಯಿತು. ಐದನೆಯ ದಿನ ವಾರ್ಡಿನ ಹೊರಗೆ ನಿಂತಿದ್ದಾಗ ರವಿಕುಮಾರನ ಫೋನು ಬಂತು. ಮೂವತ್ತೊಂದು ಹಾಡು ಪೂರ್ತಿ ಸಿಕ್ಕಿದ್ದವು. ನಾಲ್ಕು ನಡುವೆ ಕಡಿದಿದ್ದವು. ಏಳು ಸಿಗಲಿಲ್ಲ.

"ಇನ್ನೊಂದ್ಸಲ ಹುಡಕ್ರಿ," ಪ್ರಾಜಕ್ತಾ ಅಂಗಲಾಚಿದಳು. "ಎಷ್ಟ ದಿನಾ ಹಿಡದರೂ ಆಗ್ಲಿ."

"ಮೂರ್ಸಲ ಹುಡಕೀನ್ರಿ ವೈನಿ. ಅಲ್ಲಿ ಇಲ್ಲ ಅವು."

ಮೂರು ವಾರದ ಮೇಲೆ ಮನೆಗೆ ಬಂದರು. ಸಿಕ್ಕ ಫೈಲುಗಳಿಗೆ ಹೆಸರೇ ಇರಲಿಲ್ಲ, ಬರೀ ನಂಬರು. ಪ್ರಾಜಕ್ತಾ ಈ ಸಲ ಅವನ್ನು ಎರಡು ಡಿಸ್ಕುಗಳಿಗೆ ತುಂಬಿ, ಒಂದೊಂದನ್ನೇ ತೆರೆದು ಹೆಸರು ಬರೆಯುತ್ತ ಕುಳಿತಳು. ಪಡಸಾಲೆಯಲ್ಲಿ ಚನ್ನವ್ವನ ದನಿ ತುಂಬಿತು. ಉಸಿರಿಗೆಂದು ಕುತ್ತಿಗೆಯಲ್ಲಿ ಮಾಡಿದ ತೂತಿಗೆ ಬಟ್ಟೆ ಕಟ್ಟಿಕೊಂಡ ಚನ್ನವ್ವ ದೂರದ ಕಂಬಕ್ಕೆ ಒರಗಿ, ಅದು ಬೇರೆ ಯಾರದೋ ಹಾಡು ಎಂಬಂತೆ ಕೇಳುತ್ತಿದ್ದಳು.

ಮೂವತ್ತೈದೂ ಮುಗಿದವು. ಚನ್ನವ್ವ ಬೆರಳೆತ್ತಿ ಎಣಿಸಿದಳು, ಏಳು ಬೆರಳು ಹಿಡಿದು ತೋರಿಸಿದಳು. ಪ್ರಾಜಕ್ತಾ ತಲೆ ತಗ್ಗಿಸಿದಳು.

ಚನ್ನವ್ವ ಮೆಲ್ಲಗೆ ಎದ್ದು ಬಂದು ಸೊಸೆಯ ಎದುರು ಕುಳಿತಳು. ಗದ್ದ ಹಿಡಿದು ಅವಳ ಮುಖ ಮೇಲೆತ್ತಿದಳು. ತೊಡೆ ತಟ್ಟುತ್ತ, ದನಿಯಿಲ್ಲದೆ, ಸಿಗದ ಹಾಡೊಂದಕ್ಕೆ ತುಟಿಗಳನ್ನು ನಿಧಾನವಾಗಿ ಆಡಿಸಿದಳು. ಪ್ರಾಜಕ್ತಾ ಆ ತುಟಿಗಳನ್ನೇ ನೋಡುತ್ತ, "ಬನ್ನಿ ಗಿಡದಾಗ..." ಎಂದು ಅಳುಕುತ್ತ ಹಾಡಿದಳು.

ಚನ್ನವ್ವ ತಲೆ ಅಲ್ಲಾಡಿಸಿದಳು. ರಾಗ ತಪ್ಪಿತ್ತು. ಮತ್ತೆ ಮೊದಲಿಂದ ತೊಡೆ ತಟ್ಟಿದಳು.