ಮುಂಜಾನೆ ಆರರ ನೀರು

ಹುಣಸಿಕಟ್ಟಿ ವಸ್ತಿಯ ಕನ್ನಡ ಸಾಲಿ ಗೋಡೆಗೆ ನೀರಿನ ಅಂಕಿ ತೋರಿಸುವ ಬೋರ್ಡು ಹಾಕಲು ನಂದಾ ಹೋದ ದಿನ, ಅನಸವ್ವ ಕಟ್ಟೆಯ ಮೇಲೆ ಬೆಳಗಿನಿಂದಲೇ ಕಾಯುತ್ತ ಕೂತಿದ್ದಳು.

ಬನಹಟ್ಟಿಯಿಂದ ಚಿಮ್ಮಡದ ಕಡೆ ಹೋಗುವ ರಸ್ತೆ ಬಿಟ್ಟು ಒಳಗೆ ಸರಿದರೆ, ಹಳ್ಳದ ದಂಡೆಗೆ ಅರವತ್ತು ಮನೆಗಳ ವಸ್ತಿ ಅದು. ಎರಡು ಮೈಲು ಮೇಲಕ್ಕೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ. ಕಾರ್ಖಾನೆಯ ನೀರು ಹಳ್ಳಕ್ಕೆ, ಹಳ್ಳದ ನೀರು ಬಸಿದು ವಸ್ತಿಯ ಬಾವಿಗೆ. ಒಂದು ದಿನ ಕೆಂಪು, ಒಂದು ದಿನ ನೀಲಿ. ನಾಲ್ಕು ವರ್ಷ ಅದನ್ನು ಕುಡಿದು, ಹೆಬ್ಬೆಟ್ಟು ಒತ್ತಿ ಅರ್ಜಿ ಮೇಲೆ ಅರ್ಜಿ ಕೊಟ್ಟವಳು ಅನಸವ್ವ. ಕೊನೆಗೆ ಮೇಲಿನಿಂದ ಆದೇಶ ಬಂತು: ಕಾರ್ಖಾನೆಯವರು ತಮ್ಮ ಖರ್ಚಿನಲ್ಲಿ ಹಳ್ಳಕ್ಕೆ ನೀರು ಬಿಡುವ ಮೋರಿಗೆ ಸೆನ್ಸರ್ ಕೂಡಿಸಬೇಕು, ಅದರ ಅಂಕಿ ವಸ್ತಿಯ ಮಂದಿಗೆ ಕಾಣಬೇಕು. ನೀರು ಸುಧಾರಿಸುವ ತನಕ ದಿನ ಬಿಟ್ಟು ದಿನ ಕುಡಿಯುವ ನೀರಿನ ಟ್ಯಾಂಕರ್.

ಆ ಕೆಲಸ ಜಮಖಂಡಿಯ ವಿಶ್ವಾಸ ಸರ್ ಅವರ ಸಣ್ಣ ಕಂಪನಿಗೆ ಸಿಕ್ಕಿತ್ತು. ನಂದಾ ಅಲ್ಲಿ ಎಂಟು ವರ್ಷದಿಂದ ಟೆಕ್ನಿಷಿಯನ್. ಬನಹಟ್ಟಿಯ ನೇಕಾರರ ಮಗಳು, ನೇಕಾರರ ಸೊಸೆ. ಮಗ್ಗದ ಸದ್ದಿನಲ್ಲಿ ಬೆಳೆದವಳಾದ್ದರಿಂದ ಮೆತ್ತಗೆ ಮಾತಾಡಲು ಬರುತ್ತಿರಲಿಲ್ಲ. ಮುಧೋಳ, ಬೀಳಗಿ, ಲೋಕಾಪುರ, ಎಲ್ಲಿ ಸೆನ್ಸರ್ ಕೆಟ್ಟರೂ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಸ್ಕೂಟಿ ಹತ್ತುವವಳು ಅವಳೇ.

"ಏನ್ ಮಗಳ, ಇದು ಮಾತಾಡತೈತೇನ?" ಅನಸವ್ವ ಬೋರ್ಡಿನತ್ತ ಬೆರಳು ಮಾಡಿ ಕೇಳಿದಳು.

"ಮಾತಾಡೂದಿಲ್ಲಬೇ ಯವ್ವ, ತೋರಸತೈತಿ. ನೀರ ಕೆಟ್ಟಿದ್ರ ಕೆಂಪು, ಛಲೋ ಇದ್ರ ಹಸರು. ನಿನಗ ಅಂಕಿ ಓದಾಕ ಬರೂದ ಬ್ಯಾಡ."

"ಹಂಗಾದ್ರ ನನಗೂ ತಿಳೀತೈತಿ ಬಿಡು," ಎಂದು ಮುದುಕಿ ನಕ್ಕಳು.

ಕೆಲಸ ಹೇಳಲಿಕ್ಕೆ ಸರಳ. ಮೋರಿಯಲ್ಲಿ ಎರಡು ಸೆನ್ಸರ್, ಒಂದು ನೀರಿನ ಕ್ಷಾರ ಅಳೆಯುವುದು, ಇನ್ನೊಂದು ಉಪ್ಪು. ಎರಡರ ವೈರೂ ಅಂಗೈಯಗಲದ ಒಂದು ಡಬ್ಬಿಗೆ ಬರುತ್ತವೆ. ಆ ಡಬ್ಬಿಯೇ ಕನ್ವರ್ಟರ್. ವೈರಿನಲ್ಲಿ ಬಂದ ಅಂಕಿಯನ್ನು ರೇಡಿಯೊ ಅಲೆಯಾಗಿ ಮಾಡಿ ಮೈಲುಗಟ್ಟಲೆ ದೂರ ಕಳಿಸುತ್ತದೆ. ವಸ್ತಿಯ ಬೋರ್ಡಿನ ಹಿಂದೆ ಅದರ ಜೋಡಿ ಡಬ್ಬಿ ಕೂತು ಹಿಡಿದುಕೊಳ್ಳುತ್ತದೆ. ಸಿಮ್ ಬೇಡ, ನೆಟ್‌ವರ್ಕ್ ಬೇಡ. ಆದರೆ ಎರಡೂ ಡಬ್ಬಿಯ ಚಾನೆಲ್, ವೇಗ ಎಲ್ಲ ಒಂದೇ ಇರಬೇಕು. ಒಂದು ಅಂಕಿ ಹೆಚ್ಚುಕಡಿಮೆಯಾದರೂ ಒಂದರ ದನಿ ಇನ್ನೊಂದಕ್ಕೆ ಕೇಳಿಸದು.

ಮೊದಲ ದಿನ ಏನೂ ಬರಲಿಲ್ಲ. ನಂದಾ ಮೋರಿಯ ಪಕ್ಕ ಕೂತು, ಬಿಸಿಲಿಗೆ ಪರದೆ ಕಾಣದೆ ಲ್ಯಾಪ್‌ಟಾಪಿನ ಮೇಲೆ ಓಢಣಿ ಮುಚ್ಚಿಕೊಂಡು ಒಳಗೆ ತಲೆ ತೂರಿಸಿದಳು. ವೈರು ಅದಲುಬದಲು ಮಾಡಿ ನೋಡಿದಳು. ಅಂಕಿ ಬಂತು, ಆದರೆ ಹುಚ್ಚು ಹಿಡಿದಂಥ ಅಂಕಿ. ಮರುದಿನ ಮಧ್ಯಾಹ್ನಕ್ಕೆ ತಪ್ಪು ಸಿಕ್ಕಿತು. ಎರಡೂ ಸೆನ್ಸರ್ ತಯಾರಾಗಿ ಬರುವಾಗಲೇ ಒಂದನೆಯ ನಂಬರಿನವು. ಕನ್ವರ್ಟರ್ ಒಂದನ್ನು ಕರೆದರೆ ಎರಡೂ ಒಟ್ಟಿಗೆ ಓ ಅನ್ನುತ್ತಿದ್ದವು. ಒಂದಕ್ಕೆ ಎರಡನೆಯ ನಂಬರು ಕೊಟ್ಟಳು. ಹತ್ತು ನಿಮಿಷಕ್ಕೊಮ್ಮೆ ಓದಿ ಕಳಿಸುವಂತೆ ಇಟ್ಟು, ಸ್ಕೂಟಿ ಹತ್ತಿ ವಸ್ತಿಗೆ ಬಂದಾಗ, ಸಾಲಿಯ ಮುಂದೆ ಮಂದಿ ನೆರೆದಿತ್ತು. ಬೋರ್ಡು ಕೆಂಪಗೆ ಉರಿಯುತ್ತಿತ್ತು.

ಕೆಟ್ಟ ಸುದ್ದಿಗೆ ಅಷ್ಟು ಮಂದಿ ಖುಷಿಪಟ್ಟಿದ್ದನ್ನು ನಂದಾ ಹಿಂದೆಂದೂ ನೋಡಿರಲಿಲ್ಲ. ಅನಸವ್ವ ಅವಳ ಗಲ್ಲ ಸವರಿ ಲಟಿಕೆ ಮುರಿದಳು. "ಇಷ್ಟ ವರ್ಷ ನಾವ ಸುಳ್ಳ ಹೇಳತೇವಂತಿದ್ರು. ಈಗ ಯಾರ ಸುಳ್ಳು ನೋಡ್ರಲೇ!"

ನಾಲ್ಕನೆಯ ದಿನಕ್ಕೆ ವಿಶ್ವಾಸ ಸರ್ ಅವಳನ್ನು ಆಫೀಸಿಗೆ ಕರೆದು, ಚಹಾ ತರಿಸಿ, ಕೂಡಲು ಹೇಳಿದರು. ಕೂಡಲು ಹೇಳಿದಾಗಲೇ ಅವಳಿಗೆ ಏನೋ ಇದೆ ಅನ್ನಿಸಿತು.

"ನಂದಾ, ಹತ್ತು ನಿಮಿಷಕ್ಕೊಮ್ಮೆ ಯಾಕ ಇಟ್ಟಿ? ಆದೇಶದೊಳಗ ದಿನಾ ತೋರಿಸಬೇಕು ಅಂತ ಅದ, ಅಷ್ಟ."

"ದಿನಾ ಅಂದ್ರ ಇಡೀ ದಿನ ಅಲ್ಲೇನ್ರಿ ಸರ್?"

"ದಿನಕ್ಕೊಮ್ಮೆ ಅಂತನೂ ಆಗ್ತದ. ಮುಂಜಾನೆ ಆರಕ್ಕ ಒಂದ ಸಲ ಓದೂ ಹಂಗ ಇಡು. ಬೋರ್ಡಿನ ಮ್ಯಾಲ ಅದ ಇಡೀ ದಿನ ಇರಲಿ."

"ಆರಕ್ಕ ಬಣ್ಣದ ನೀರ ಬಿಡೂದಿಲ್ರಿ ಅವ್ರು. ಬರೇ ಬೋರಿನ ತಿಳಿನೀರ ಹೋಗತಿರತೈತಿ. ಬಣ್ಣದ್ದು ಹತ್ತರ ಮ್ಯಾಲ."

"ಗೊತ್ತದ," ಎಂದರು ವಿಶ್ವಾಸ ಸರ್. ಅವರು ಕೆಟ್ಟ ಮನುಷ್ಯರಲ್ಲ. ನಂದಾಳ ಹೆರಿಗೆಯ ಹೊತ್ತಿನಲ್ಲಿ ತಾವೇ ಕಾರು ತಂದು ದವಾಖಾನೆಗೆ ಮುಟ್ಟಿಸಿದ್ದರು. "ಒಂದ ಅಂಕಿನೂ ಸುಳ್ಳ ಮಾಡು ಅನ್ನೂದಿಲ್ಲ ನಾನು. ಆರಕ್ಕ ಇದ್ದದ್ದು ಇದ್ದಂಗ ತೋರಿಸು. ಆ ಕಾರ್ಖಾನಿ ಬಂದಾದ್ರ ನಿಮ್ಮ ಓಣ್ಯಾಗ ಎಷ್ಟು ಮಗ್ಗ ನಿಲ್ತಾವು, ನನಗಿಂತ ನಿನಗ ಛಲೋ ಗೊತ್ತು."

ಗೊತ್ತಿತ್ತು. ಮನೆಗೆ ಬಂದು ಗಂಡ ಮಾಂತೇಶನಿಗೆ ಹೇಳಿದಳು. ಅವನು ಮಗ್ಗ ನಿಲ್ಲಿಸಿದ. ಒಂದು ಮಗ್ಗ ನಿಂತರೂ ಓಣಿಯ ಸದ್ದು ನಿಲ್ಲುವುದಿಲ್ಲ.

"ನಮ್ಮ ನೂಲೂ ಅಲ್ಲೇ ಬಣ್ಣ ಆಗೂದು. ನೀನ ನಿಂತು ಬಾಗಲಾ ಹಾಕಿಸಿದಿ ಅಂದ್ರ ಓಣ್ಯಾಗ ತಲಿ ಎತ್ತಿ ತಿರಗಾಕ ಆಗತೈತೇನ?"

"ಆ ನೀರ ನೋಡೀರೇನ ನೀವು?"

"ನೋಡೂದೇನೈತಿ? ನಮ್ಮ ಸೀರಿ ಬಣ್ಣನ ಅಲ್ಲೇನ ಅದು," ಎಂದ ಮಾಂತೇಶ. ಸಿಟ್ಟಿನಿಂದ ಅಲ್ಲ, ಸೋತ ದನಿಯಲ್ಲಿ.

ಮರುದಿನ ನಂದಾ ಮೋರಿಯ ಹತ್ತಿರ ಹೋಗಿ ಡಬ್ಬಿಗೆ ಕೇಬಲ್ ಚುಚ್ಚಿದಳು. ಪರದೆಯ ಮೇಲೆ ಎರಡು ಚೌಕ ತುಂಬಬೇಕಿತ್ತು ಅಷ್ಟೇ: ದಿನಕ್ಕೆ ಒಂದು ಸಲ, ಆರು ಗಂಟೆ. ಮೊದಲಿನ ಕೆಲಸಕ್ಕೆ ಎರಡು ದಿನ ಹಿಡಿದಿತ್ತು. ಇದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಕೆಲಸ ಮುಗಿದ ವರದಿಗೆ ಸಹಿ ಮಾಡಿಕೊಟ್ಟಳು. ಬರುವಾಗ ವಸ್ತಿಯ ದಾರಿ ಹಿಡಿಯದೆ ಸುತ್ತು ಹಾಕಿ ಬಂದಳು.

ಆಮೇಲೆ ಎರಡು ತಿಂಗಳು ಆ ಕಡೆ ಹೋಗುವ ಪ್ರಸಂಗ ಬರಲಿಲ್ಲ. ಬರದಂತೆ ಅವಳೇ ನೋಡಿಕೊಂಡಳು ಅಂದರೂ ತಪ್ಪಲ್ಲ. ಒಂದು ದಿನ ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹಿಂದಿನಿಂದ ಹೆಗಲ ಲ್ಯಾಪ್‌ಟಾಪ್ ಚೀಲ ಎಳೆದಂತಾಗಿ ತಿರುಗಿದರೆ, ಅನಸವ್ವ.

"ಮಗಳ, ನೀ ಬಂದ ಹೋದಮ್ಯಾಲ ಬೋರ್ಡ ಹಸರ ಆತು ನೋಡು. ದಿನಾ ಹಸರ!"

ಮುದುಕಿಯ ಬೆರಳ ಸಂದುಗಳು ಸೀಳಿ, ಅರಿಸಿನ ಮೆತ್ತಿದ್ದು ಕಂಡಿತು.

"ಕೈಗೇನಾತಬೇ ಯವ್ವ?"

"ಬಾವಿ ನೀರ ಮೈಗ ಆಗವಲ್ದು. ದವಾಖಾನಿಗಂತ ಬಂದಿದ್ದೆ. ಬೋರ್ಡ ಹಸರ ಐತೆಲ್ಲ, ಅದಕ್ಕ ಟ್ಯಾಂಕರ್ ನಿಲ್ಲಿಸ್ಯಾರ. ತಿಂಗಳಾತು. ನೀರ ಈಗೂ ನಾರತೈತಿ ಅಂತ ನಾವು, ಬೋರ್ಡ ನೋಡು ಅಂತ ಅವ್ರು." ಅನಸವ್ವ ದನಿ ಇಳಿಸಿ ಕೇಳಿದಳು, "ನಮ್ಮ ಮೂಗ ಕೆಟ್ಟೈತೇನ ಮಗಳ? ನೀ ಕಲ್ತಾಕಿ. ಖರೇ ಹೇಳು."

ಬಸ್ಸೊಂದು ಬಂತು, ಮಂದಿ ನುಗ್ಗಿದರು. ನಂದಾ ಮುದುಕಿಯ ತೋಳು ಹಿಡಿದು ಬದಿಗೆ ಕರೆದೊಯ್ದು, ತಾನು ಮಾಡಿದ್ದನ್ನೆಲ್ಲ ಹೇಳಿದಳು. ಆರು ಗಂಟೆಯ ನೀರು, ಹತ್ತು ಗಂಟೆಯ ನೀರು, ತನ್ನ ಸಹಿ. ಅನಸವ್ವ ಪೂರ್ತಿ ಕೇಳಿದಳು. ಬೈಯುತ್ತಾಳೆಂದು ನಂದಾ ಕಾದಳು. ಅವಳು ಬೈಯಲಿಲ್ಲ.

"ಕಾರ್ಖಾನಿಯಾವ ಮಾಡ್ಯಾನ ಅಂದ್ಕೊಂಡಿದ್ದೆ," ಎಂದಳು. ಅಷ್ಟೇ ಹೇಳಿ ದವಾಖಾನೆಯ ಕಡೆ ನಡೆದಳು.

ನಂದಾ ಅಲ್ಲಿಂದ ನೆಟ್ಟಗೆ ಮೋರಿಗೆ ಹೋದಳು. ಯಾರನ್ನೂ ಕೇಳಲಿಲ್ಲ. ಡಬ್ಬಿಗೆ ಕೇಬಲ್ ಹಚ್ಚಿ ಮತ್ತೆ ಹತ್ತು ನಿಮಿಷಕ್ಕೆ ಇಟ್ಟಳು. ಕೆಳಗೆ ನೀರು ಗುಲಾಬಿ ಬಣ್ಣದ ನೊರೆ ಎಬ್ಬಿಸಿಕೊಂಡು ಹರಿಯುತ್ತಿತ್ತು. ವಸ್ತಿಗೆ ಬಂದಾಗ ಬೋರ್ಡು ಕೆಂಪಾಗಿತ್ತು. ಬೋರ್ಡಿನ ಫೋಟೊ ತೆಗೆದು, ನಡೆದದ್ದನ್ನೆಲ್ಲ ಎರಡು ಹಾಳೆಯಲ್ಲಿ ಬರೆದು, ಮರುದಿನ ಟ್ಯಾಂಕರ್ ನೋಡಿಕೊಳ್ಳುವ ಅಧಿಕಾರಿಯ ಕೈಗೆ ಕೊಟ್ಟಳು.

ಅಧಿಕಾರಿ ಎರಡು ಸಲ ಓದಿದರು. "ಇದನ್ನ ಬರದಾವ್ರು ನೀವು. ಮದಲಿನ ವರದಿಗೆ ಸಹಿ ಮಾಡಿದಾವ್ರೂ ನೀವ. ಯಾವ ಸಹಿ ನಂಬಲ್ರಿ ನಾನು?"

"ಒಂದ ಸಲ ಬಂದು ನೋಡ್ರಿ ಸಾಹೇಬ್ರ. ಮಧ್ಯಾಹ್ನ ಬರ್ರಿ."

"ಬರ್ತೇನ್ರಿ. ಕಂಪನಿಯವ್ರನೂ ಕರಸ್ತೇನಿ. ಪದ್ಧತಿ ಐತಲ್ಲ."

ಪದ್ಧತಿಯಂತೆ ಅವರು ಮೊದಲು ಕಂಪನಿಗೆ ಫೋನ್ ಮಾಡಿದರು. ಅವರು ಬರುವುದರೊಳಗೆ ವಿಶ್ವಾಸ ಸರ್ ಇನ್ನೊಬ್ಬ ಟೆಕ್ನಿಷಿಯನ್ ಪ್ರಥಮೇಶನನ್ನು ಕಳಿಸಿದ್ದರು. ಅವನು ನಂದಾಳ ಕೈಕೆಳಗೇ ಮೂರು ವರ್ಷ ಕಲಿತವನು. ಡಬ್ಬಿಯನ್ನು ಮತ್ತೆ ಆರು ಗಂಟೆಗೆ ಇಟ್ಟ, ಪಾಸ್‌ವರ್ಡ್ ಬದಲಿಸಿದ, ಹಿಂದಿನ ಟೆಕ್ನಿಷಿಯನ್ ಅನುಮತಿ ಇಲ್ಲದೆ ಸೆಟ್ಟಿಂಗ್ ಕೆಡಿಸಿದ್ದರಿಂದ ತಪ್ಪು ಅಂಕಿ ಬಂದಿತ್ತೆಂದು ವರದಿ ಬರೆದ. ಅಧಿಕಾರಿ ಬಂದಾಗ ಬೋರ್ಡು ಹಸಿರಾಗಿತ್ತು. ಆ ದಿನ ಕಾರ್ಖಾನೆಗೂ ರಜೆ, ಮೋರಿಯಲ್ಲಿ ತಿಳಿನೀರು.

ಪ್ರಥಮೇಶ ಸಂಜೆ ಫೋನ್ ಮಾಡಿದ. "ಅಕ್ಕಾ, ಸಿಟ್ಟ ಆಗಬ್ಯಾಡ್ರಿ. ನಾ ಬರೀದಿದ್ರ ಬ್ಯಾರೆಯಾವ ಬರೀತಿದ್ದ."

"ಹೌದಪಾ," ಎಂದಳು ನಂದಾ. ಆರು ಗಂಟೆಗೆ ಇಟ್ಟ ದಿನ ತಾನೂ ಇದನ್ನೇ ಅಂದುಕೊಂಡಿದ್ದಳು, ಅವನಿಗೆ ಬೇರೆ ಏನು ಹೇಳುವುದು?

ಕೆಲಸ ಹೋಯಿತು. ವಿಶ್ವಾಸ ಸರ್ ಬೈಯದೆ, ಎದ್ದು ನಿಂತು ಲ್ಯಾಪ್‌ಟಾಪ್ ಚೀಲ ಇಸಿದುಕೊಂಡರು. ಅದೇ ವಾರ ಬಣ್ಣಕ್ಕೆ ಕೊಟ್ಟಿದ್ದ ನೂಲು ಬಣ್ಣವಿಲ್ಲದೆ ತಿರುಗಿ ಬಂತು. ಮಾಂತೇಶ ಬಿಳಿ ನೂಲಿನ ಲಡಿಗಳನ್ನು ಅಟ್ಟದ ಮೇಲೆ ಒಟ್ಟಿ, ಬೇರೆಯವರ ಮಗ್ಗಕ್ಕೆ ಕೂಲಿಗೆ ಹೋಗತೊಡಗಿದ. ಓಣಿಯ ನಳದ ಹತ್ತಿರ ನಂದಾ ಬಂದರೆ ಹೆಂಗಸರು ಅವಳಿಗೆ ಪಾಳಿ ಬಿಟ್ಟುಕೊಟ್ಟು ಬೇಗ ಸಾಗಹಾಕುತ್ತಿದ್ದರು.

ಆ ನಳದಿಂದಲೇ ಅವಳು ಎರಡು ಕ್ಯಾನ್ ತುಂಬಿಸಿ, ಸ್ಕೂಟಿಯ ಮುಂದಿಟ್ಟುಕೊಂಡು ವಸ್ತಿಗೆ ಹೋದಳು. ಮಧ್ಯಾಹ್ನ ಒಂದು ಗಂಟೆ. ಸಾಲಿ ಗೋಡೆಯ ಮೇಲೆ ಹಸಿರು ಅಂಕಿ, ಬಾವಿಯ ಸುತ್ತ ಕೊಳೆತ ವಾಸನೆ. ಅನಸವ್ವ ಸೀಳಿದ ಕೈಗೆ ಅರಿವೆ ಸುತ್ತಿಕೊಂಡು ಬಾವಿಕಟ್ಟೆಯ ಮೇಲೆ ನಿಂತಿದ್ದಳು.

"ಎಷ್ಟ ದಿನ ತರ್ತಿ ಮಗಳ?"

"ಆದಷ್ಟ ದಿನ."

"ಅರವತ್ತ ಮನಿ ಅದಾವು."

ಅನಸವ್ವ ಎರಡೂ ಕ್ಯಾನ್‌ಗಳನ್ನು ಕೂಸು-ಬಾಣಂತಿ ಇದ್ದ ಎರಡು ಮನೆಗೆ ಕಳಿಸಿ, ತನ್ನ ಕೊಡದ ಕೊರಳಿಗೆ ಹಗ್ಗ ಬಿಗಿದಳು. ಕೊಡ ಕೆಳಗಿಳಿದು ನೀರಿಗೆ ಬಡಿದ ಸದ್ದು ಬಂತು. ನಂದಾ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ, ಮುದುಕಿಯ ಕೈಯಿಂದ ಹಗ್ಗ ತೆಗೆದುಕೊಂಡಳು. ಅನಸವ್ವ ಬೇಡ ಅನ್ನಲೂ ಇಲ್ಲ, ಹರಸಲೂ ಇಲ್ಲ. ಬದಿಗೆ ಸರಿದು ನಿಂತಳು. ತುಂಬಿದ ಕೊಡ ಭಾರವಿತ್ತು. ಮೇಲೆ ಬಂದ ನೀರು ಅವತ್ತು ತೆಳು ನೀಲಿ.